ನಿಮಗಿದು ಗೊತ್ತೇ? ಅನಿಮೇಷನ್ ಕಲಿಯುವವರ ಮೊದಲ ಪಾಠ, ನಿಂತ ಮನುಷ್ಯ

ಡಿಸ್ನಿ ಸ್ಟುಡಿಯೊದ ಕಲಾವಿದರು ಮನುಷ್ಯರ ಮೈ ಬರೆಯುವುದನ್ನು ಮತ್ತೆ ಮೊದಲಿಂದ ಕಲಿಯಲು ಕೂತದ್ದು ಕೆಲಸಕ್ಕೆ ಸೇರಿ ಸಂಬಳ ಎಣಿಸತೊಡಗಿದ ಮೇಲೆ! 1932ರಲ್ಲಿ ಆರ್ಟ್ ಬ್ಯಾಬಿಟ್ ಎಂಬ ಅನಿಮೇಟರ್ ಹಾಲಿವುಡ್‌ನ ತಮ್ಮ ಮನೆಗೆ ಮಾಡೆಲ್ ಕರೆಸಿ, ಜೊತೆಯವರನ್ನೂ ಸೇರಿಸಿಕೊಂಡು ಬರೆಯತೊಡಗಿದರು. ಸುದ್ದಿ ವಾಲ್ಟ್ ಡಿಸ್ನಿ ಕಿವಿಗೆ ಬಿತ್ತು. ತಮ್ಮ ಕಲಾವಿದರು ಯಾರದೋ ಮನೆಯಲ್ಲಿ ಕೂತು ಬೆತ್ತಲೆ ಹೆಂಗಸರ ಚಿತ್ರ ಬರೆಯುತ್ತಾರೆಂದು ಪತ್ರಿಕೆಯಲ್ಲಿ ಬಂದರೆ ಏನು ಗತಿ ಎಂಬ ಅಳುಕು ಅವರಿಗೆ. ಹಾಗೆಂದು ನಿಲ್ಲಿಸಲಿಲ್ಲ. ತರಗತಿಯನ್ನೇ ಸ್ಟುಡಿಯೊಗೆ ತಂದರು, ಮಾಡೆಲ್‌ಗಳ ಕೂಲಿ ಮತ್ತು ಸಾಮಾನಿನ ಖರ್ಚು ತಮ್ಮದೆಂದರು. ಶೂನಾರ್ಡ್ ಕಲಾಶಾಲೆಯ ಡಾನ್ ಗ್ರಹಾಮ್ ಆ ವರ್ಷದ ನವೆಂಬರ್ 15ರಂದು ಪಾಠ ಶುರು ಮಾಡಿದರು.

ಅಷ್ಟು ಹೆಸರು ಮಾಡಿದ ಸ್ಟುಡಿಯೊಗೆ ಈ ಪಾಠ ಯಾಕೆ ಬೇಕಿತ್ತು? 1934ರ 'ದಿ ಗಾಡೆಸ್ ಆಫ್ ಸ್ಪ್ರಿಂಗ್' ಎಂಬ ಕಿರುಚಿತ್ರ ನೋಡಿದರೆ ತಿಳಿಯುತ್ತದೆ. ಅದರ ನಾಯಕಿ ಪರ್ಸೆಫನಿಯ ತೋಳುಗಳಿಗೆ ಮೊಣಕೈಯೇ ಇದ್ದಂತಿಲ್ಲ, ನೀರು ಹಾಯಿಸುವ ಪೈಪಿನ ಹಾಗೆ ಎಲ್ಲೆಂದರಲ್ಲಿ ಬಾಗುತ್ತವೆ. ಇಲಿಯನ್ನೂ ನಾಯಿಯನ್ನೂ ಲೀಲಾಜಾಲವಾಗಿ ಕುಣಿಸುತ್ತಿದ್ದ ಕೈಗಳು ಒಬ್ಬ ಹುಡುಗಿಯ ಮುಂದೆ ಸೋತಿದ್ದವು. ಅದಾದ ಮೂರೇ ವರ್ಷಕ್ಕೆ, 1937ರ ಡಿಸೆಂಬರ್ 21ರಂದು, 'ಸ್ನೋ ವೈಟ್' ತೆರೆ ಕಂಡಿತು. ಕಾರ್ಟೂನ್ ನೋಡಿ ನಗುವುದಷ್ಟೇ ಗೊತ್ತಿದ್ದ ಜನ ಅವತ್ತು ಅತ್ತರು. ನಡುವಿನ ಆ ಮೂರು ವರ್ಷ ಸ್ಟುಡಿಯೊದಲ್ಲಿ ಸಂಜೆ ಸಂಜೆ ನಡೆದದ್ದು ಡ್ರಾಯಿಂಗ್ ತರಗತಿ.

1935ರ ಡಿಸೆಂಬರ್ 23ರಂದು ವಾಲ್ಟ್ ಡಿಸ್ನಿ ಡಾನ್ ಗ್ರಹಾಮ್ ಅವರಿಗೆ ಒಂದು ಉದ್ದನೆಯ ಪತ್ರ ಬರೆದರು. ಒಳ್ಳೆಯ ಅನಿಮೇಟರ್‌ಗೆ ಏನೇನು ಬೇಕು ಎಂಬ ಪಟ್ಟಿ ಅದರಲ್ಲಿದೆ. ಮೊದಲನೆಯದು ಚಿತ್ರ ಬರೆಯುವ ಕೈಹಿಡಿತ. ಆಮೇಲೆ ರೂಪವನ್ನೂ ಚಲನೆಯನ್ನೂ ಉತ್ಪ್ರೇಕ್ಷಿಸುವ ಜಾಣ್ಮೆ, ಅಭಿನಯದ ತಿಳಿವಳಿಕೆ, ನಗಿಸುವ ಯೋಚನೆ, ಕಥೆ ಕಟ್ಟುವ ಅರಿವು. ದಿನನಿತ್ಯದ ತಾಂತ್ರಿಕ ಕೆಲಸದ ಮಾತು ಕೊನೆಯಲ್ಲಿ. ಇವತ್ತಿನ ಅನಿಮೇಷನ್ ಕೋರ್ಸುಗಳ ಎಷ್ಟೋ ಕರಪತ್ರಗಳಲ್ಲಿ ಇದೇ ಪಟ್ಟಿ ತಲೆಕೆಳಗಾಗಿ ಅಚ್ಚಾಗುತ್ತದೆ. ಸಾಫ್ಟ್‌ವೇರ್‌ಗಳ ಹೆಸರು ದಪ್ಪಕ್ಷರದಲ್ಲಿ ಮೇಲೆ, ಡ್ರಾಯಿಂಗ್ ಎಲ್ಲೋ ಕೆಳಗೆ. ದುಡ್ಡು ಕಟ್ಟುವ ಮೊದಲು ಆ ಸಂಸ್ಥೆಯಲ್ಲಿ ವಾರಕ್ಕೆ ಎಷ್ಟು ಗಂಟೆ ಮಾಡೆಲ್ ಎದುರು ಬರೆಸುತ್ತಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಮುಂದಿನ ಸಂಸ್ಥೆ ನೋಡಿ.

ಮನುಷ್ಯಾಕೃತಿಯ ತರಗತಿ ಶುರುವಾಗುವುದು 30 ಸೆಕೆಂಡಿನ ಚಿತ್ರಗಳಿಂದ. ಮಾಡೆಲ್ ಒಂದು ಭಂಗಿ ಹಿಡಿದು 30 ಸೆಕೆಂಡಿಗೆ ಬದಲಿಸುತ್ತಾರೆ. ಆಮೇಲೆ 1 ನಿಮಿಷ, 2 ನಿಮಿಷ, 5 ನಿಮಿಷ, ಕೊನೆಗೆ 20 ನಿಮಿಷದ ಭಂಗಿ. ಮೊದಲ ಅರ್ಧ ನಿಮಿಷದಲ್ಲಿ ಕಣ್ಣು, ಮೂಗು, ಬೆರಳು ಬರೆಯಲು ಸಮಯವೇ ಇರುವುದಿಲ್ಲ. ಇರಬಾರದೆಂದೇ ಹಾಗೆ ಮಾಡಿದ್ದು. ನೆತ್ತಿಯಿಂದ ಹಿಮ್ಮಡಿಯವರೆಗೆ ಮೈಯಲ್ಲಿ ಹರಿದುಹೋಗುವ ಒಂದು ಓಟ, ಭುಜ ಯಾವ ಕಡೆ ವಾಲಿದೆ, ಸೊಂಟ ಯಾವ ಕಡೆ ಎದ್ದಿದೆ, ಭಾರ ಯಾವ ಕಾಲಿನ ಮೇಲಿದೆ, ಇಷ್ಟು ಸಿಕ್ಕರೆ ಸಾಕು. ಇದಕ್ಕೆ ಜೆಸ್ಚರ್ ಡ್ರಾಯಿಂಗ್ ಅನ್ನುತ್ತಾರೆ.

ಈ ಅಭ್ಯಾಸವನ್ನು ಪುಸ್ತಕವಾಗಿ ಜಗತ್ತಿಗೆ ಹಂಚಿದ ಕಿಮನ್ ನಿಕೊಲೈಡೀಸ್ ತಮ್ಮ ಪುಸ್ತಕವನ್ನು ಕಣ್ಣಾರೆ ನೋಡಲಿಲ್ಲ. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಮೇಷ್ಟ್ರಾಗಿದ್ದ ಅವರು 1938ರಲ್ಲಿ ತೀರಿಕೊಂಡರು, 'ದಿ ನ್ಯಾಚುರಲ್ ವೇ ಟು ಡ್ರಾ' ಅಚ್ಚಾದದ್ದು 1941ರಲ್ಲಿ. ಮಾಡೆಲ್ ಹೇಗೆ ಕಾಣುತ್ತಾರೆ ಅನ್ನುವುದನ್ನು ಬಿಟ್ಟು ಏನು ಮಾಡುತ್ತಿದ್ದಾರೆ ಅನ್ನುವುದನ್ನು ಹಿಡಿಯಬೇಕು ಎಂಬುದು ಅವರ ಪಾಠದ ತಿರುಳು. ಅನಿಮೇಷನ್‌ಗೆ ಹೊರಟವರಿಗೆ ಇದಕ್ಕಿಂತ ಸರಿಯಾದ ಮಾತು ನನಗೆ ಗೊತ್ತಿಲ್ಲ.

ವಾಲ್ಟ್ ಸ್ಟ್ಯಾಂಚ್‌ಫೀಲ್ಡ್ ಎಂಬ ಹಿರಿಯ ಅನಿಮೇಟರ್ ಡಿಸ್ನಿಯಲ್ಲಿ ಕಿರಿಯರಿಗೆ ವಾರ ವಾರ ಜೆಸ್ಚರ್ ಪಾಠ ಹೇಳುತ್ತಿದ್ದರು. ತರಗತಿಯ ಜೊತೆಗೆ ಹಂಚುತ್ತಿದ್ದ ಟಿಪ್ಪಣಿಗಳು ವರ್ಷಗಟ್ಟಲೆ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಓಡಾಡಿದವು. ಅವರು ತೀರಿಕೊಂಡು ಒಂಬತ್ತು ವರ್ಷದ ಮೇಲೆ, 2009ರಲ್ಲಿ, 'ಡ್ರಾನ್ ಟು ಲೈಫ್' ಎಂದು ಎರಡು ಸಂಪುಟಗಳಾಗಿ ಬಂದವು.

ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ಹಿಡಿದಿಟ್ಟರೂ ಸೆಕೆಂಡಿಗೆ 12, ನಿಮಿಷಕ್ಕೆ 720. ಒಂದೇ ಪಾತ್ರವನ್ನು ಎಡದಿಂದ, ಬಲದಿಂದ, ಬೆನ್ನ ಕಡೆಯಿಂದ, ಬಗ್ಗಿದಂತೆ, ಬಿದ್ದಂತೆ 720 ಸಲ ಬರೆದರೂ ಅದರ ಮೈ ಉಬ್ಬಬಾರದು, ಕುಗ್ಗಬಾರದು. ಒಂದು ಮುಖವನ್ನು ಮೂರು ದಿನ ಕೂತು ತಿದ್ದಿ ತೀಡಿ ಫೋಟೊದಂತೆ ಮಾಡುವ ತಾಳ್ಮೆ ಇಲ್ಲಿ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ನಿಂತ ಚಿತ್ರ ಬೀಳುವಂತೆ ಕಾಣುತ್ತದೆಯೇ? ಒಂದು ದಾರದ ತುದಿಗೆ ಕಲ್ಲು ಕಟ್ಟಿ, ಮಾಡೆಲ್ ಕತ್ತಿನ ಗುಳಿಯ ನೇರಕ್ಕೆ ಹಿಡಿದು ನೋಡಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರಲ್ಲಿ ಆ ದಾರ ಭಾರ ಹೊತ್ತ ಪಾದದ ಮೇಲೇ ಇಳಿಯುತ್ತದೆ. ಎರಡೂ ಕಾಲಿನ ಮೇಲೆ ನಿಂತರೆ ಎರಡು ಪಾದಗಳ ನಡುವೆ. ನಿಮ್ಮ ಚಿತ್ರದಲ್ಲಿ ಅದು ಪಾದದಾಚೆ ಹೋದರೆ ನಿಮ್ಮ ಪಾತ್ರ ಬೀಳುತ್ತಿದೆ ಎಂದೇ ಅರ್ಥ. ಮೊದಲ ತಿಂಗಳು ಇದೊಂದನ್ನು ನೋಡಿದರೆ ಅರ್ಧ ಚಿತ್ರಗಳು ನೆಟ್ಟಗಾಗುತ್ತವೆ.

ಈ ದಾರದ ಲೆಕ್ಕ ಕನ್ನಡ ನೆಲಕ್ಕೆ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಗೆಂದೇ ಒಂದು ಭಾಗವಿದೆ. ನೆತ್ತಿಯಿಂದ ನೆಲಕ್ಕೆ ಇಳಿಯುವ ಗೆರೆಗೆ ಅಲ್ಲಿ ಬ್ರಹ್ಮಸೂತ್ರ ಎಂದು ಹೆಸರು, ಅದರ ಎರಡು ಪಕ್ಕದ ಗೆರೆಗಳಿಗೆ ಪಕ್ಷಸೂತ್ರ. ಮೈ ಎದುರಿನಿಂದ ಓರೆಗೆ, ಓರೆಯಿಂದ ಪಕ್ಕಕ್ಕೆ ತಿರುಗಿದಂತೆ ಈ ಗೆರೆಗಳ ನಡುವಿನ ಅಂತರ ಹೇಗೆ ಬದಲಾಗುತ್ತದೆ ಎಂಬುದು ಅಲ್ಲಿನ ವಿಚಾರ. ಇವತ್ತು ಅನಿಮೇಷನ್ ತರಗತಿಯಲ್ಲಿ ಒಂದೇ ಪಾತ್ರವನ್ನು ಎದುರು, ಮುಕ್ಕಾಲು, ಪಕ್ಕ, ಬೆನ್ನು ಎಂದು ಸಾಲಾಗಿ ನಿಲ್ಲಿಸಿ ಬರೆಸುವ ಟರ್ನ್‌ಅರೌಂಡ್ ಹಾಳೆಯ ಹಿಂದಿರುವುದೂ ಇದೇ ಪ್ರಶ್ನೆ.

ಇನ್ನು ಚಕಚಕನೆ ಕೆಲವು ಅಳತೆಗಳು. ಕಣ್ಣು ಇರುವುದು ತಲೆಯ ಸರಿಯಾಗಿ ಅರ್ಧದಲ್ಲಿ, ಹೊಸಬರೆಲ್ಲ ಅದನ್ನು ಹಣೆಗೆ ಏರಿಸುತ್ತಾರೆ. ಅಂಗೈ ಬುಡದಿಂದ ನಡುಬೆರಳ ತುದಿವರೆಗಿನ ಉದ್ದ ಗಲ್ಲದಿಂದ ಕೂದಲು ಶುರುವಾಗುವ ಜಾಗದಷ್ಟು. ಪಾದದ ಉದ್ದ ಮುಂಗೈಯಷ್ಟು, ನಂಬಿಕೆ ಬರದಿದ್ದರೆ ಈಗಲೇ ಅಳೆದು ನೋಡಿ. ಕೈ ಇಳಿಬಿಟ್ಟಾಗ ಮೊಣಕೈ ಸೊಂಟದ ಮಟ್ಟಕ್ಕೆ, ಮಣಿಕಟ್ಟು ತೊಡೆಸಂದಿನ ಮಟ್ಟಕ್ಕೆ. ಎತ್ತರದ ಅರ್ಧ ಬರುವುದು ಹೊಕ್ಕುಳಲ್ಲಲ್ಲ, ತೊಡೆಸಂದಿನ ಹತ್ತಿರ. ಚಾಚಿದ ಎರಡು ತೋಳುಗಳ ತುದಿಯಿಂದ ತುದಿಗೆ ಅಳೆದರೆ ಹೆಚ್ಚುಕಡಿಮೆ ಆಳಿನ ಎತ್ತರ. ಸಾಮಾನ್ಯವಾಗಿ ಬೆಳೆದ ವ್ಯಕ್ತಿ ಏಳೂವರೆ ತಲೆಯುದ್ದ, ಈಗತಾನೆ ಹುಟ್ಟಿದ ಕೂಸು ಸುಮಾರು ನಾಲ್ಕು ತಲೆಯುದ್ದ. ಕಾರ್ಟೂನ್ ಪಾತ್ರವನ್ನು ಮುದ್ದಾಗಿಸಬೇಕೆಂದರೆ ತಲೆ ದೊಡ್ಡದು ಮಾಡಿ ಮೈ ಚಿಕ್ಕದು ಮಾಡುವುದರ ಗುಟ್ಟು ಆ ಕೂಸಿನಲ್ಲಿದೆ.

ಅಮೆರಿಕದ ಆಂಡ್ರೂ ಲೂಮಿಸ್ 1943ರ ತಮ್ಮ ಪುಸ್ತಕದಲ್ಲಿ ಆದರ್ಶ ಪುರುಷನನ್ನು ಎಂಟು ತಲೆಯುದ್ದ ನಿಲ್ಲಿಸಿದರು. ನಮ್ಮ ಶಿಲ್ಪಿಗಳ ಲೆಕ್ಕ ತಾಳದಲ್ಲಿ: ಒಂದು ತಾಳ ಅಂದರೆ ಒಂದು ಮುಖದುದ್ದ, 12 ಅಂಗುಲ. ನವತಾಳದ ವಿಗ್ರಹ 108 ಅಂಗುಲ. 'ವಿಷ್ಣುಧರ್ಮೋತ್ತರ ಪುರಾಣ'ದ ಚಿತ್ರಸೂತ್ರದಲ್ಲಿ ಐದು ಬಗೆಯ ಪುರುಷರಿದ್ದಾರೆ: ಹಂಸ 108 ಅಂಗುಲ, ಭದ್ರ 106, ಮಾಲವ್ಯ 104, ರುಚಕ 100, ಶಶಕ 90. ಇವತ್ತು ಅನಿಮೇಷನ್ ಸ್ಟುಡಿಯೊದಲ್ಲಿ ಒಂದು ಸಿನಿಮಾದ ಎಲ್ಲ ಪಾತ್ರಗಳನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ನಿಲ್ಲಿಸಿ ಎತ್ತರ ಗೊತ್ತುಮಾಡುವ ಕೆಲಸವನ್ನು ಆ ಗ್ರಂಥ ಎಷ್ಟೋ ಶತಮಾನ ಮೊದಲೇ ಮಾಡಿಟ್ಟಿದೆ. ಅಳತೆ ಯಾವುದೇ ಇರಲಿ, ಎದುರಿಗೆ ನಿಂತವರ ಮೈ ಬೇರೆ ಹೇಳಿದರೆ ಮೈಯನ್ನೇ ನಂಬಿ.

ಅದೇ ಚಿತ್ರಸೂತ್ರದಲ್ಲಿ ವಜ್ರ ಎಂಬ ರಾಜನಿಗೆ ಮಾರ್ಕಂಡೇಯ ಋಷಿ ಒಂದು ಸರಪಳಿ ಬಿಡಿಸಿಡುತ್ತಾನೆ. ವಿಗ್ರಹ ಮಾಡಲು ಚಿತ್ರ ಗೊತ್ತಿರಬೇಕು, ಚಿತ್ರಕ್ಕೆ ನೃತ್ಯ, ನೃತ್ಯಕ್ಕೆ ವಾದ್ಯ, ವಾದ್ಯಕ್ಕೆ ಗಾಯನ. ಇನ್ನೊಂದೆಡೆ, ಮಲಗಿದವನಲ್ಲಿ ಉಸಿರನ್ನೂ ಸತ್ತವನಲ್ಲಿ ಅದಿಲ್ಲದಿರುವುದನ್ನೂ ಬೇರೆ ಬೇರೆಯಾಗಿ ತೋರಿಸಬಲ್ಲವನೇ ಚಿತ್ರಕಾರ ಎಂಬ ಅರ್ಥದ ಮಾತಿದೆ. ಅಲೆ, ಬೆಂಕಿ, ಹೊಗೆ, ಗಾಳಿಗೆ ಹಾರುವ ಬಾವುಟವನ್ನು ಚಲನೆಯೊಡನೆ ಬರೆಯಬಲ್ಲವನನ್ನೂ ಅದು ಮೆಚ್ಚುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ಬೆರಗು. ನೃತ್ಯ ನೋಡದೆ ಚಿತ್ರ ಬರದು ಎಂದ ಪರಂಪರೆಯ ಮಕ್ಕಳು ಭರತನಾಟ್ಯದ ರಿಹರ್ಸಲ್‌ಗೂ ಯಕ್ಷಗಾನದ ಬಯಲಿಗೂ ಸ್ಕೆಚ್ ಬುಕ್ ಹಿಡಿದು ಹೋಗಬೇಡವೇ? ಯಕ್ಷಗಾನದಲ್ಲಂತೂ ವೇಷದ ಅಗಲದ ಒಳಗೆ ಮೈ ಎಲ್ಲಿದೆ ಎಂದು ಹುಡುಕುವುದೇ ಒಂದು ಒಳ್ಳೆಯ ಪರೀಕ್ಷೆ. ಮಂಡಿ ಎಲ್ಲಿ ಮಡಿಚಿತು, ಸೊಂಟ ಎಷ್ಟು ಇಳಿಯಿತು, ದಿಗಿಣ ಹಾರುವ ಮುಂಚೆ ಭಾರ ಎತ್ತ ಸರಿಯಿತು. ಹಾರುವ ಮೊದಲು ಮೈ ಕುಗ್ಗುವ ಆ ಕ್ಷಣಕ್ಕೆ ಅನಿಮೇಷನ್‌ನವರು ಆಂಟಿಸಿಪೇಷನ್ ಅನ್ನುತ್ತಾರೆ, 1981ರಲ್ಲಿ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ ತಮ್ಮ ಪುಸ್ತಕದಲ್ಲಿ ಪಟ್ಟಿ ಮಾಡಿದ 12 ತತ್ತ್ವಗಳಲ್ಲಿ ಅದೂ ಒಂದು. ಗಟ್ಟಿಯಾದ ಡ್ರಾಯಿಂಗ್ ಕೂಡ ಆ ಹನ್ನೆರಡರಲ್ಲಿ ಸೇರಿದೆ.

ಭಾರ ಹೊತ್ತ ಕಾಲಿನ ಕಡೆ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಗ್ರೀಕ್ ಶಿಲ್ಪದಲ್ಲಿ ಇದರ ಮೊದಲ ಸುಳಿವು ಕಾಣುವುದು ಕ್ರಿ.ಪೂ. 480ರ ಸುಮಾರಿನ ಒಬ್ಬ ಹುಡುಗನ ವಿಗ್ರಹದಲ್ಲಿ. ಇದನ್ನು ನೋಡಲು ನಮಗೆ ಅಥೆನ್ಸಿಗೆ ಹೋಗುವ ಅಗತ್ಯವಿಲ್ಲ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ತಲೆ, ಎದೆ, ಸೊಂಟ ಮೂರನ್ನೂ ಮೂರು ಕಡೆಗೆ ವಾಲಿಸಿ ತ್ರಿಭಂಗಿಯಲ್ಲಿ ನಿಂತಿದ್ದಾರೆ. ಭಂಗಿ ಬದಲಿಸುವುದಿಲ್ಲ, ದಣಿಯುವುದಿಲ್ಲ, ಕೂಲಿ ಕೇಳುವುದಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಅವರ ಹೆಸರು ಓದಿ, ಅವರ ಗೆರೆ ನೋಡಿ ಬರೆಯಿರಿ. ಒಡವೆ ಬಿಡಿ, ಮೊದಲು ಸೊಂಟದ ಓರೆ ಹಿಡಿಯಿರಿ.

ಮೈಯಲ್ಲಿ 206 ಮೂಳೆ. ಅದರಲ್ಲಿ ಎರಡು ಹಸ್ತಗಳಲ್ಲೇ 54, ಕಾಲು ಭಾಗಕ್ಕಿಂತ ಹೆಚ್ಚು! ಕೈ ಬರೆಯುವುದು ಕಷ್ಟ ಅನ್ನಿಸಿದರೆ ಅದು ನಿಜಕ್ಕೂ ಕಷ್ಟವೇ. ಹಾಗೆಂದು ಎಲ್ಲ ಪಾತ್ರಗಳ ಕೈಯನ್ನೂ ಜೇಬಿಗೆ ಇಳಿಸಿದರೆ ಪೋರ್ಟ್‌ಫೋಲಿಯೊ ನೋಡುವವರಿಗೆ ಎರಡನೇ ಹಾಳೆಗೇ ಗೊತ್ತಾಗುತ್ತದೆ. ಮಾಡೆಲ್ ಸಿಗಲಿಲ್ಲ ಎಂಬ ನೆಪವೂ ಇಲ್ಲಿ ನಡೆಯದು, ಬರೆಯದ ಕೈ ಯಾವಾಗಲೂ ಖಾಲಿ ಕೂತಿರುತ್ತದೆ.

ಅಂಗೈ ಮೇಲೆ ಮಾಡಿ, ಹಾಗೇ ಕೆಳಗೆ ತಿರುಗಿಸಿ. ಮುಂಗೈಯ ಎರಡು ಮೂಳೆಗಳಲ್ಲಿ ಒಂದು ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ. ಮೊಣಕೈ ಅಲ್ಲೇ ಇರುತ್ತದೆ. ಇದು ಗೊತ್ತಿಲ್ಲದವರು ಬರೆದ ಕೈ ಮಣಿಕಟ್ಟಿನಲ್ಲಿ ಮುರಿದಂತೆ ಕಾಣುತ್ತದೆ. ಪಕ್ಕೆಲುಬಿನ ಗೂಡು, ಸೊಂಟದ ಮೂಳೆ, ತಲೆಬುರುಡೆ ಈ ಮೂರು ಗಟ್ಟಿ, ಬಾಗುವುದು ಇವುಗಳ ನಡುವೆ ಮಾತ್ರ. ಮಾಂಸಖಂಡಗಳ ಲ್ಯಾಟಿನ್ ಹೆಸರು ಉರುಹೊಡೆಯುವ ಮೊದಲು ಇಷ್ಟನ್ನು ನಿಮ್ಮ ಮೈಯಲ್ಲೇ ಮುಟ್ಟಿ ನೋಡಿಕೊಳ್ಳಿ.

ಕುದುರೆ ನಾಗಾಲೋಟದಲ್ಲಿ ನಾಲ್ಕೂ ಕಾಲನ್ನು ನೆಲದಿಂದ ಎತ್ತುತ್ತದೆಯೇ? ಎತ್ತುತ್ತದೆ. ಆದರೆ ಚಿತ್ರಕಾರರು ಬರೆದಂತೆ ಮುಂದಕ್ಕೂ ಹಿಂದಕ್ಕೂ ಚಾಚಿದಾಗಲ್ಲ, ಕಾಲುಗಳು ಹೊಟ್ಟೆಯ ಕೆಳಗೆ ಕೂಡಿ ಬಂದಾಗ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಫೋಟೊಗಳು ಇದನ್ನು ಸಾಬೀತು ಮಾಡಿದವು. ಆಮೇಲೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅವರು ನಡೆಯುವ, ಏಣಿ ಹತ್ತುವ, ಬಕೆಟ್ ಎತ್ತುವ, ಕೂತು ಏಳುವ ಜನರನ್ನೂ ಪ್ರಾಣಿಗಳನ್ನೂ ಹೀಗೇ ಹಿಡಿದರು. 1887ರಲ್ಲಿ 781 ಹಾಳೆಗಳಲ್ಲಿ ಅಚ್ಚಾದ ಆ ಚಿತ್ರಗಳನ್ನು ಅನಿಮೇಷನ್ ವಿದ್ಯಾರ್ಥಿಗಳು ಇವತ್ತಿಗೂ ಎದುರಿಗಿಟ್ಟುಕೊಂಡು ಬರೆಯುತ್ತಾರೆ.

ನಡೆದಾಡುವಾಗ ತಲೆ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಹಿಮ್ಮಡಿ ಊರಿ ಭಾರ ಇಳಿದಾಗ ಕೆಳಕ್ಕೆ, ಇನ್ನೊಂದು ಕಾಲು ದಾಟಿ ಮುಂದೆ ಹೋಗುವಾಗ ಮೇಲಕ್ಕೆ. ಮಾಮೂಲಿ ನಡಿಗೆಯಲ್ಲಿ ಒಂದು ಹೆಜ್ಜೆಗೆ 12 ಫ್ರೇಮ್ ಎಂಬುದು ಅನಿಮೇಟರ್‌ಗಳ ಲೆಕ್ಕಾಚಾರ. ಬೆಳಿಗ್ಗೆ ವಾಕಿಂಗ್ ಹೋಗುವವರ ಹಿಂದೆ ನಡೆದು ಗಮನಿಸಿ, ಅಜ್ಜನ ಲೆಕ್ಕವೇ ಬೇರೆ, ಆಫೀಸಿಗೆ ತಡವಾದವರ ಲೆಕ್ಕವೇ ಬೇರೆ.

ಸಿನಿಮಾದ ಒಂದೊಂದೇ ಫ್ರೇಮನ್ನು ಗಾಜಿನ ಮೇಲೆ ಮೂಡಿಸಿ, ಅದರ ಮೇಲೆ ಕಾಗದ ಇಟ್ಟು ನಕಲು ಬರೆಯುವ ರೋಟೋಸ್ಕೋಪ್ ಯಂತ್ರಕ್ಕೆ ಮ್ಯಾಕ್ಸ್ ಫ್ಲೈಶರ್ 1917ರಲ್ಲಿ ಪೇಟೆಂಟ್ ಪಡೆದರು. ಅವರ ತಮ್ಮ ಡೇವ್ ವಿದೂಷಕನ ವೇಷ ಹಾಕಿ ಕುಣಿದರು, ಅದನ್ನು ನೋಡಿ ಬರೆದದ್ದೇ ಕೋಕೊ ಎಂಬ ಪಾತ್ರ. 'ಸ್ನೋ ವೈಟ್'ಗೂ ಮಾರ್ಜರಿ ಬೆಲ್ಚರ್ ಎಂಬ ನರ್ತಕಿಯನ್ನು ಕುಣಿಸಿ ಚಿತ್ರೀಕರಿಸಿಕೊಂಡಿದ್ದರು. ಆದರೆ ಆ ಫೋಟೊಗಳನ್ನು ಇದ್ದದ್ದು ಇದ್ದಂತೆ ನಕಲು ಮಾಡಿದರೆ ಪಾತ್ರದಲ್ಲಿ ಜೀವ ಉಳಿಯುವುದಿಲ್ಲ ಎಂಬುದು ಡಿಸ್ನಿ ಅನಿಮೇಟರ್‌ಗಳಿಗೆ ಬೇಗ ಗೊತ್ತಾಯಿತು. ನೋಡಿ, ಅರ್ಥ ಮಾಡಿಕೊಂಡು, ಮುಖ್ಯವಾದದ್ದನ್ನು ಎತ್ತಿ ಹಿಡಿದು ಮತ್ತೆ ಬರೆಯಬೇಕಾಯಿತು.

ಇವತ್ತು ಮೊಬೈಲಿನಲ್ಲಿ ಫೋಟೊ ಇಟ್ಟು ಅದರ ಮೇಲೇ ಗೆರೆ ಎಳೆಯುವುದು ಎರಡು ಬೆರಳ ಕೆಲಸ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ಬರೀ ಅದನ್ನೇ ಮಾಡಿದ ಕೈಗೆ ಫೋಟೊ ಇಲ್ಲದ ದಿನ ಒಂದು ಕುರ್ಚಿಯ ಮೇಲೆ ಒಬ್ಬ ಮನುಷ್ಯನನ್ನು ಕೂರಿಸಲೂ ಬರುವುದಿಲ್ಲ. ಅನಿಮೆ ಮುಖಗಳನ್ನೇ ನೋಡಿ ಬರೆಯುವ ಹುಡುಗ ಹುಡುಗಿಯರ ಸ್ಕೆಚ್ ಬುಕ್ ತೆರೆದರೆ ಕಾಣುವುದು ದೊಡ್ಡ ಕಣ್ಣು, ಹಾರುವ ಕೂದಲು, ಎದೆಯವರೆಗಿನ ಮೈ, ಎಲ್ಲರೂ ಒಂದೇ ಕಡೆಗೆ ತಿರುಗಿದ ಮುಖ. ಪಾದಗಳೇ ಇಲ್ಲ. ಪ್ರೀತಿಯಿಂದ ಬರೆದದ್ದು, ಆ ಪ್ರೀತಿ ದೊಡ್ಡದು. ಅದಕ್ಕೆ ಪಾದ ಕೊಡಿ, ನೆಲ ಕೊಡಿ.

ಚಿತ್ರ ಸರಿಯಿದೆಯೇ ಎಂದು ನೋಡಲು ಸುಲಭದ ಉಪಾಯ: ಇಡೀ ಆಕೃತಿಗೆ ಕಪ್ಪು ತುಂಬಿ. ಪಾತ್ರ ಏನು ಮಾಡುತ್ತಿದೆ ಎಂದು ಆಗಲೂ ತಿಳಿದರೆ ಭಂಗಿ ಗೆದ್ದಿತು. ಜರ್ಮನಿಯ ಲೋಟೆ ರೈನಿಗರ್ ಕತ್ತರಿಯಿಂದ ಕತ್ತರಿಸಿದ ಕಪ್ಪು ಆಕೃತಿಗಳಿಂದಲೇ 1926ರಲ್ಲಿ ಪೂರ್ಣಾವಧಿಯ ಸಿನಿಮಾ ಮಾಡಿದರು. ನಮ್ಮ ತೊಗಲುಗೊಂಬೆಯಾಟದಲ್ಲಿ ಪಾತ್ರಗಳನ್ನು ಹೆಚ್ಚಾಗಿ ಪಕ್ಕದಿಂದ ಕೆತ್ತುವುದೂ ದೂರ ಕೂತವರಿಗೆ ಮೂಗು, ಕೈ, ಆಯುಧ ಎಲ್ಲ ಬಿಡಿಬಿಡಿಯಾಗಿ ಕಾಣಲಿ ಎಂದೇ ಇರಬೇಕು.

'ಬ್ಯಾಂಬಿ' (1942) ಬರೆಯುವ ಮೊದಲು ಡಿಸ್ನಿ ಸ್ಟುಡಿಯೊಗೆ ನಿಜವಾದ ಎರಡು ಜಿಂಕೆಮರಿಗಳನ್ನು ತರಿಸಿದ್ದರು. ರಿಕೊ ಲೆಬ್ರುನ್ ಎಂಬ ಚಿತ್ರಕಾರ ಪ್ರಾಣಿಗಳ ಮೂಳೆ, ಮಾಂಸಖಂಡಗಳ ಪಾಠ ಹೇಳಿದರು. ಅದೇ ಸಿನಿಮಾದಲ್ಲಿ ಬೇಟೆನಾಯಿಗಳ ದಾಳಿಯನ್ನು ಬರೆದ ರೆಟಾ ಸ್ಕಾಟ್, ಡಿಸ್ನಿಯಲ್ಲಿ ಅನಿಮೇಟರ್ ಎಂದು ಹೆಸರು ಹಾಕಿಸಿಕೊಂಡ ಮೊದಲ ಮಹಿಳೆ.

ಈ ಜಿಂಕೆಯ ಹೆಜ್ಜೆ ಮುಂಬಯಿಗೂ ಬಂತು! 'ಬ್ಯಾಂಬಿ'ಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ಘಟಕಕ್ಕೆ ತರಬೇತಿ ಕೊಡಲು ಬಂದರು. ಅಲ್ಲಿ ತಯಾರಾಗಿ 1957ರಲ್ಲಿ ಬಂದ 'ದಿ ಬನ್ಯನ್ ಡೀರ್' ಜಾತಕಕಥೆಯ ಜಿಂಕೆಯನ್ನು ಕುರಿತದ್ದು. ಆ ಘಟಕದಲ್ಲಿ ಕೆಲಸ ಕಲಿತ ರಾಮಮೋಹನ್ ಮುಂದೆ ಭಾರತದ ಅನಿಮೇಷನ್‌ನ ಹಿರಿಯರಾದರು. ಅವರು ಓದಿದ್ದು ರಸಾಯನಶಾಸ್ತ್ರ.

ಹೆಣ್ಣುಮಕ್ಕಳಿಗೆ ಈ ತರಗತಿಯ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಲಂಡನ್ನಿನ ರಾಯಲ್ ಅಕಾಡೆಮಿಯನ್ನು 1768ರಲ್ಲಿ ಸ್ಥಾಪಿಸಿದವರಲ್ಲಿ ಏಂಜೆಲಿಕಾ ಕಾಫ್‌ಮನ್, ಮೇರಿ ಮೋಸರ್ ಇಬ್ಬರು ಚಿತ್ರಕಾರ್ತಿಯರಿದ್ದರು. ಆದರೆ ಸದಸ್ಯರೆಲ್ಲ ಮಾಡೆಲ್‌ಗಳ ಸುತ್ತ ನೆರೆದಿರುವ ಪ್ರಸಿದ್ಧ ವರ್ಣಚಿತ್ರದಲ್ಲಿ ಅವರಿಬ್ಬರು ಗೋಡೆಯ ಮೇಲಿನ ಭಾವಚಿತ್ರಗಳಾಗಿ ಮಾತ್ರ ಇದ್ದಾರೆ. ಅಲ್ಲಿನ ವಿದ್ಯಾರ್ಥಿನಿಯರಿಗೆ ಮಾಡೆಲ್ ಎದುರು ಬರೆಯಲು ಅವಕಾಶ ಸಿಕ್ಕಿದ್ದು 1893ರಲ್ಲಿ, ಒಂದೂಕಾಲು ಶತಮಾನ ಕಾದ ಮೇಲೆ.

ವಯಸ್ಸಾಯಿತೇ? ವ್ಯಾನ್ ಗೋ ಚಿತ್ರಕಾರನಾಗಲು ನಿರ್ಧರಿಸಿದ್ದು 1880ರಲ್ಲಿ, 27ನೇ ವಯಸ್ಸಿಗೆ. ಶಾರ್ಲ್ ಬಾರ್ಗ್ ಎಂಬಾತನ ಡ್ರಾಯಿಂಗ್ ಪಾಠದ ಹಾಳೆಗಳನ್ನು ತರಿಸಿಕೊಂಡು ಮತ್ತೆ ಮತ್ತೆ ನಕಲು ಬರೆದ.

ಸೀಟು ಸಿಗಲಿಲ್ಲವೇ? 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಕಾಣುತ್ತಿಲ್ಲವೆಂದು ಉತ್ತರ ಬಂತು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದರು. ಅವರ ವ್ಯಂಗ್ಯಚಿತ್ರಗಳ ಶ್ರೀಸಾಮಾನ್ಯ ನಿಂತ ರೀತಿ ನೋಡಿ: ಕೊಂಚ ಬಾಗಿದ ಬೆನ್ನು, ಹಿಂದೆ ಕಟ್ಟಿದ ಕೈ, ಪಂಚೆಯೊಳಗಿನ ಸಣ್ಣ ಕಾಲು. ಬಾಯಿ ಬಿಡದ ಆ ಪಾತ್ರದ ಮಾತೆಲ್ಲ ಮೈಯಲ್ಲಿದೆ.

ಬೇಕಾದ ವಿಭಾಗ ಸಿಗಲಿಲ್ಲವೇ? ಮುಂದೆ ಡಿಸ್ನಿಯ ಏರಿಯಲ್, ಬೀಸ್ಟ್ ಪಾತ್ರಗಳಿಗೆ ಜೀವ ಕೊಟ್ಟ ಗ್ಲೆನ್ ಕೀನ್ ಅವರಿಗೆ ಬೇಕಿದ್ದದ್ದು ಚಿತ್ರಕಲಾ ವಿಭಾಗ. ಕ್ಯಾಲಿಫೋರ್ನಿಯಾದ ಕಲಾಶಾಲೆಯಲ್ಲಿ ಅವರ ಅರ್ಜಿ ಕೈತಪ್ಪಿ ಅನಿಮೇಷನ್ ಕಲಿಸುವ ವಿಭಾಗಕ್ಕೆ ಹೋಯಿತು. ಅಲ್ಲಿಯೇ ಸೀಟು ಸಿಕ್ಕಿತು.

ಸಾಮಾನು ದುಬಾರಿಯಲ್ಲ. ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ, 4ಬಿ ಅಥವಾ 6ಬಿ ಪೆನ್ಸಿಲ್, ಒಂದೆರಡು ಇದ್ದಿಲ ಕಡ್ಡಿ. ಮಣಿಕಟ್ಟಿನಿಂದ ಬರೆದರೆ ಗೆರೆ ತುಂಡು ತುಂಡಾಗುತ್ತದೆ, ಭುಜದಿಂದ ಕೈ ಬೀಸಿ ದೊಡ್ಡ ಹಾಳೆಯಲ್ಲಿ ಬರೆಯಿರಿ. ರಬ್ಬರ್ ಮನೆಯಲ್ಲಿರಲಿ. ಬಾಲ್ ಪೆನ್ನಿನಲ್ಲಿ ಬರೆಯುವುದು ಇನ್ನೂ ಒಳ್ಳೆಯದು, ಅಳಿಸುವ ಆಸೆಯೇ ಹುಟ್ಟುವುದಿಲ್ಲ. ಹಾಳೆಯನ್ನು ಕನ್ನಡಿಗೆ ಹಿಡಿದು ನೋಡಿದರೆ ವಾಲಿದ ಮುಖ, ಸೊಟ್ಟ ಭುಜ ಥಟ್ಟನೆ ಕಾಣುತ್ತದೆ.

ನಮ್ಮ ಕಲಾಶಾಲೆಗಳಲ್ಲಿ ಮಾಡೆಲ್ ಆಗಿ ಕೂರುವವರು ಹೆಚ್ಚಾಗಿ ದಿನಗೂಲಿಯ ವಯಸ್ಸಾದ ಗಂಡಸರು, ಹೆಂಗಸರು. ಪಂಚೆ, ಸೀರೆ ಉಟ್ಟೇ ಕೂರುತ್ತಾರೆ. ಬಟ್ಟೆಯ ನೆರಿಗೆ ಸುಮ್ಮನೆ ಬೀಳುವುದಿಲ್ಲ. ಭುಜ, ಮೊಣಕೈ, ಸೊಂಟ, ಮಂಡಿ ಎಲ್ಲಿ ಬಟ್ಟೆಯನ್ನು ಎಳೆದು ಹಿಡಿದಿವೆಯೋ ಅಲ್ಲಿಂದ ಹೊರಡುತ್ತದೆ. ಆದ್ದರಿಂದ ಮಂಡಿ ಮಡಿಚಿ ಕೂತ ಅಜ್ಜಿಯ ಸೀರೆ ಕೂಡ ಅಂಗರಚನೆಯ ಪಾಠವೇ. ಇಪ್ಪತ್ತು ನಿಮಿಷ ಅಲುಗಾಡದೆ ಕೂತು ನೋಡಿ, ಆ ಕೆಲಸ ಎಷ್ಟು ಕಷ್ಟವೆಂದು ಸೊಂಟವೇ ಹೇಳುತ್ತದೆ. ಅವರ ಕೂಲಿ ಹೊತ್ತಿಗೆ ಸರಿಯಾಗಿ ಸಿಗಬೇಕು, ನಡುನಡುವೆ ವಿಶ್ರಾಂತಿ ಬೇಕು, ತರಗತಿ ಮುಗಿದಾಗ ವಿದ್ಯಾರ್ಥಿಗಳಿಂದ ಒಂದು ನಮಸ್ಕಾರ ಬೇಕು.

ತರಗತಿ ಸಿಗದವರಿಗೆ ಬಸ್‌ಸ್ಟ್ಯಾಂಡ್ ಇದೆ. ಮೆಜೆಸ್ಟಿಕ್‌ನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಬಸ್ಸಿಗೆ ಕಾಯುವವರು ಒಂದೆರಡು ನಿಮಿಷಕ್ಕೊಮ್ಮೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಾರೆ. ಸಂತೆಯಲ್ಲಿ ಮೂಟೆ ಹೊರುವವರ ಬೆನ್ನು, ಬಿಂದಿಗೆ ಸೊಂಟಕ್ಕಿಟ್ಟವರ ಎದುರು ಬದಿಯ ತೋಳು, ಮಗುವನ್ನು ಎತ್ತಿಕೊಂಡ ತಾಯಿ ಹಿಂದಕ್ಕೆ ವಾಲುವ ರೀತಿ, ಭಾರ ಬರೆಯುವುದನ್ನು ಇವರಿಗಿಂತ ಚೆನ್ನಾಗಿ ಯಾರೂ ಕಲಿಸಲಾರರು. ಯಾರಾದರೂ ನಿಮ್ಮ ಪುಸ್ತಕದತ್ತ ನೋಡಿ ಮುಜುಗರಪಟ್ಟರೆ ಬರೆಯುವುದನ್ನು ಅಲ್ಲಿಗೆ ನಿಲ್ಲಿಸಿ.

ಕಂಪ್ಯೂಟರ್ ಅನಿಮೇಷನ್‌ಗೆ ಹೆಸರಾದ ಪಿಕ್ಸರ್ ತನ್ನ ನೌಕರರಿಗಾಗಿ ಕಂಪನಿಯೊಳಗೇ ಪಾಠಶಾಲೆ ತೆರೆದಾಗ ಮೊದಲು ಇಟ್ಟ ವಿಷಯ ಡ್ರಾಯಿಂಗ್. ಅನಿಮೇಟರ್‌ಗಳಷ್ಟೇ ಅಲ್ಲ, ಲೆಕ್ಕಪತ್ರ ನೋಡುವವರೂ ಪ್ರೋಗ್ರಾಂ ಬರೆಯುವವರೂ ಪೆನ್ಸಿಲ್ ಹಿಡಿದು ಪಕ್ಕಪಕ್ಕ ಕೂತರು. ಬರೆಯಲು ಕಲಿಯುವುದೆಂದರೆ ನೋಡಲು ಕಲಿಯುವುದು ಎಂಬುದು ಆ ಕಂಪನಿಯ ಮುಖ್ಯಸ್ಥರಾಗಿದ್ದ ಎಡ್ ಕ್ಯಾಟ್ಮಲ್ ಅವರ ಅಭಿಪ್ರಾಯ.

ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಅದೇ ರಾಜ್ಯದ ಎಷ್ಟೋ ಹೈಸ್ಕೂಲುಗಳಲ್ಲಿ ಪರೀಕ್ಷೆ ಹತ್ತಿರವಾದಂತೆ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಹೆಡ್‌ಮಾಸ್ಟರೇ, ಮೇಡಂ, ವಾರಕ್ಕೆ ಇರುವ ಆ ಒಂದೆರಡು ಪೀರಿಯಡ್ಡನ್ನು ದಯವಿಟ್ಟು ಮಕ್ಕಳಿಗೇ ಬಿಡಿ. ಒಬ್ಬರನ್ನು ಎದುರಿಗೆ ನಿಲ್ಲಿಸಿ, ಉಳಿದವರಿಗೆ ಬರೆಯಲು ಹೇಳಿ.